ವಾರಗಿತ್ತಿಯ ಸಂಬಳ

ನಮ್ಮ ಬೀದಿಯ ತಿರುವಿನಲ್ಲಿ ಕಸದ ರಾಶಿ ದಿನದಿನಕ್ಕೆ ಬೆಳೆಯುತ್ತಿತ್ತು. ಮೊದಲು ಬುಟ್ಟಿಯಷ್ಟಿದ್ದದ್ದು ಆಮೇಲೆ ಗಾಡಿಯಷ್ಟಾಯಿತು. ನಾಯಿಗಳು ಚೀಲ ಹರಿದು ಬೀದಿಯುದ್ದಕ್ಕೂ ಎಳೆದಾಡುತ್ತಿದ್ದವು. ಮೂಗು ಮುಚ್ಚಿಕೊಂಡು ಹೋಗುವವರೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಕಸದವರಿಗೆ ಸಂಬಳ ಜಾಸ್ತಿ ಆಯ್ತು ನೋಡಿ, ಅದಕ್ಕೇ ಈ ಕೊಬ್ಬು."

ನಾನೂ ಹೇಳುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಾನೇ ಹೇಳುತ್ತಿದ್ದೆ. ಯಾಕೆಂದರೆ ನಮ್ಮ ಬೀದಿಯ ಕಸ ಎತ್ತುವವಳು ನನ್ನ ವಾರಗಿತ್ತಿ, ನನ್ನ ಗಂಡನ ತಮ್ಮನ ಹೆಂಡತಿ. ಅವಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು ಬಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ.

ನಾನು ಬಟ್ಟೆ ಹೊಲಿಯುವವಳು. ಬೀದಿಯವರಿಗೆಲ್ಲ ಟೈಲರಮ್ಮ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡಿದ್ದೇವೆ. ಈಚೆ ನಾವು, ಆಚೆ ಅವಳು ಮತ್ತು ಅವಳ ಮಗಳು. ಮೈದುನ ತೀರಿಹೋಗಿ ಆರು ವರ್ಷ. ಆ ವರ್ಷವೇ ಅವಳು ಪುರಸಭೆಯ ಕಸದ ಕೆಲಸಕ್ಕೆ ಸೇರಿದಳು. ಗಿರಾಕಿಗಳ ಮುಂದೆ ಅವಳು ನಮ್ಮವಳು ಎಂದು ಹೇಳಿಕೊಳ್ಳಲು ನನಗೆ ನಾಚಿಕೆ. ಕೆಲಸ ಮುಗಿಸಿ ಬಂದು "ಅಕ್ಕಾ, ನೀರು" ಎಂದರೆ ಕಿಟಕಿಯಿಂದಲೇ ಕೊಡುತ್ತಿದ್ದೆ, ಅದಕ್ಕೆಂದೇ ಇಟ್ಟಿದ್ದ ಬೇರೆ ಲೋಟದಲ್ಲಿ.

ಹೋದ ವರ್ಷ ಅವಳ ಕೆಲಸ ಕಾಯಂ ಆಯಿತು. ಅಲ್ಲಿಂದ ಶುರುವಾಯಿತು ನನ್ನ ಸಂಕಟ.

ತಿಂಗಳ ಮೊದಲ ವಾರ ಗೋಡೆಯಾಚೆ ಅವಳ ಮೊಬೈಲು ಟಿಣ್ ಎನ್ನುತ್ತದೆ. ಸಂಬಳ ಬಂತು ಎಂದರ್ಥ. ನನ್ನ ಹೊಲಿಗೆ ಆ ಹೊತ್ತಿಗೇ ಸೊಟ್ಟಗಾಗುತ್ತದೆ. ಮಗಳಿಗೆ ಸೈಕಲ್ ಕೊಡಿಸಿದಳು. ಆಮೇಲೆ ಫ್ರಿಜ್ ತಂದಳು. ಆ ಫ್ರಿಜ್ಜು ಗುಂಯ್ ಎನ್ನುವುದು ಗೋಡೆ ದಾಟಿ ನನ್ನ ದಿಂಬಿನವರೆಗೂ ಬರುತ್ತಿತ್ತು. "ಇನ್ನೊಬ್ಬರ ಫ್ರಿಜ್ಜಿಗೆ ನಿನಗ್ಯಾಕೆ ಮೈ ಬಿಸಿಯಾಗುತ್ತೆ?" ಎಂದು ನನ್ನ ಗಂಡ ನಗುತ್ತಿದ್ದರು. ಅವರು ಬಾಡಿಗೆ ವ್ಯಾನ್ ಓಡಿಸುತ್ತಾರೆ. ನಮಗೆ ಬಾಡಿಗೆ ಸಿಕ್ಕಿದ ದಿನ, ಗಿರಾಕಿ ಬಂದ ದಿನ ಮಾತ್ರ ಸಂಪಾದನೆ. ಅವಳಿಗೆ ಮಾತ್ರ ಟಿಣ್ ಅಂತ ತಪ್ಪದೆ ಬರುತ್ತದೆ! ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ನನಗೆ ಅವಳ ಕೆಸರು ಬೇಡ, ಮೊಸರಿನ ಮೇಲೆ ಮಾತ್ರ ಕಣ್ಣು.

ಹೀಗಿರುವಾಗ ಒಂದು ಮಂಗಳವಾರ ನಮ್ಮ ಬೀದಿಯೂ ಪಕ್ಕದ ಮೂರು ಬೀದಿಗಳೂ ಗುಡಿಸದೆ ಹಾಗೇ ಬಿದ್ದಿದ್ದವು. ಸಂಜೆ ಕಿರಾಣಿ ಅಂಗಡಿಯ ಮಾವ ಒಂದು ಅರ್ಜಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು.

"ನೋಡಮ್ಮ, ನಮ್ಮ ವಾರ್ಡಿಗೆ ಇನ್ನೂ ನಾಲ್ಕು ಜನರನ್ನ ತಗೋತಾರಂತೆ. ಇರೋರೇ ಕೆಲಸ ಮಾಡಲ್ಲ, ಇನ್ನೂ ನಾಲ್ಕು ಜನ ಯಾಕೆ? ಬೇಡ ಅಂತ ಬರೆದಿದ್ದೀನಿ. ಇರೋರ ಸಂಬಳಕ್ಕೂ ಸ್ವಲ್ಪ ಕತ್ತರಿ ಹಾಕ್ಲಿ ಅಂತಾನೂ ಬರೆದಿದ್ದೀನಿ. ನೀವು ಸಹಿ ಹಾಕಿದ್ರೆ ತೂಕ ಬರುತ್ತೆ. ಅವಳ ಮನೆಯವರೇ ಹಾಕಿದ್ದಾರೆ ಅಂತಾಗುತ್ತೆ."

ನಾನು ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಎಲ್ಲರಿಗಿಂತ ಮೇಲೆ, ದಪ್ಪ ಅಕ್ಷರದಲ್ಲಿ ಸಹಿ ಹಾಕಿದೆ. ಸುಳ್ಳು ಯಾಕೆ, ಆ ದಿನ ಎರಡು ತುತ್ತು ಹೆಚ್ಚಾಗಿಯೇ ಉಂಡೆ.

ಗುರುವಾರ ಸಂಜೆ ವಾರಗಿತ್ತಿ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಬಲಗೈಯ ತೋರುಬೆರಳಿಗೆ ಬಟ್ಟೆ ಸುತ್ತಿದ್ದಳು. ಎಡಗೈಯಲ್ಲಿ ಒಂದು ಲಕೋಟೆ.

"ಅಕ್ಕಾ, ಆಫೀಸಿಂದ ಕಾಗದ ಕೊಟ್ಟಿದ್ದಾರೆ. ನನಗೆ ಇಷ್ಟೆಲ್ಲ ಓದೋಕೆ ಬರಲ್ಲ. ಮಗಳು ಶಾಲೆಯಿಂದ ಬಂದಿಲ್ಲ. ಸ್ವಲ್ಪ ಓದಿ ಹೇಳ್ತೀರಾ?"

ಲಕೋಟೆಯೊಳಗೆ ಎರಡು ಹಾಳೆ. ಮೊದಲನೆಯದು ನೋಟಿಸು. ಮಂಗಳವಾರ ನಾಲ್ಕು ಬೀದಿ ಯಾಕೆ ಗುಡಿಸಲಿಲ್ಲ, ಶನಿವಾರದ ವಾರ್ಡ್ ಸಭೆಯೊಳಗೆ ಉತ್ತರ ಕೊಡಬೇಕು, ಇಲ್ಲವಾದರೆ ಶಿಸ್ತಿನ ಕ್ರಮ. ಹೊಸಬರನ್ನು ತೆಗೆದುಕೊಳ್ಳುವ ವಿಷಯವೂ ಆ ಸಭೆಯಲ್ಲೇ ತೀರ್ಮಾನ. ಎರಡನೆಯ ಹಾಳೆ, ನಿಮಗೆ ಗೊತ್ತೇ ಇದೆ, ನಾವು ಕೊಟ್ಟ ಅರ್ಜಿಯ ನಕಲು.

ನೋಟಿಸು ಓದುವಷ್ಟರಲ್ಲಿ ಅವಳ ಮುಖ ಬಾಡಿತು. "ಕೆಲಸಕ್ಕೇ ಸಂಚಕಾರ ಬಂತಲ್ಲ ಅಕ್ಕ" ಎಂದು ಹೊಸ್ತಿಲ ಮೇಲೆ ಕೂತಳು. ಆಮೇಲೆ ಕೇಳಿದಳು, "ಯಾರ್ಯಾರು ಸಹಿ ಹಾಕಿದ್ದಾರೆ? ಓದಿ."

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ನನ್ನ ಬಾಯಿ ಮಾತ್ರ ಒಳ್ಳೇ ಚುರುಕು. ಮೊದಲನೇ ಹೆಸರು ಹಾರಿಸಿ ಎರಡನೆಯದರಿಂದ ಓದಿದೆ.

"ಆಯ್ತು ಬಿಡಿ" ಎಂದಳು. "ಅವರಿಗೇನು ಗೊತ್ತು? ಉತ್ತರ ಬರೆದುಕೊಡಿ ಅಕ್ಕ. ಮಂಗಳವಾರ ಜ್ವರ ಬಂದಿತ್ತು ಅಂತ ಬರೀರಿ."

"ಜ್ವರ ಬಂದಿತ್ತಾ?"

"ಬಂದಿತ್ತು. ಬೆರಳಿಂದ ಬಂತು." ಸುತ್ತಿದ್ದ ಬಟ್ಟೆ ಬಿಚ್ಚಿ ತೋರಿಸಿದಳು. ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿ ಊದಿತ್ತು. "ಸೋಮವಾರ ಕಸ ಬೇರೆ ಮಾಡುವಾಗ ಸೂಜಿ ಚುಚ್ತು. ಕೈಗವಸು ತೂತಾಗಿತ್ತು. ಹೊಸದು ಕೇಳಿ ಎರಡು ತಿಂಗಳಾಯ್ತು. ಆದ್ರೆ ಸೂಜಿ ಅಂತ ಬರೀಬೇಡಿ ಅಕ್ಕ, ಬರೀ ಜ್ವರ ಅನ್ನಿ."

"ಯಾಕೆ? ಇದ್ದದ್ದನ್ನ ಬರೆದರೆ ನಿನಗೇ ಒಳ್ಳೇದಲ್ವಾ?"

ಅವಳು ನೆಲ ನೋಡಿದಳು. "ಎಲ್ಲಿಂದ ಬಂದ ಸೂಜಿ ಅಂತ ಕೇಳ್ತಾರೆ. ಕಸದಲ್ಲಿ ಚೂಪಾದ್ದು ಹಾಕಿದವರಿಗೆ ದಂಡ ಹಾಕ್ತಾರೆ. ಆ ಚೀಲದಲ್ಲಿ ಬರೀ ಬಟ್ಟೆ ಚೂರು ಇತ್ತು ಅಕ್ಕ. ನಮ್ಮ ಬೀದೀಲಿ ಹೊಲಿಯೋರು ನೀವೊಬ್ಬರೇ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕಣ್ಣು ತಾನಾಗಿ ಮಿಷನ್ನಿನ ಕೆಳಗಿನ ಚಿಂದಿ ಚೀಲಕ್ಕೆ ಹೋಯಿತು. ಮಿಷನ್ ಸೂಜಿ ಮುರಿದರೆ ಅದನ್ನು ಒಂದು ಬಟ್ಟೆಚೂರಿಗೆ ಚುಚ್ಚಿ, ಮಡಚಿ, ಚಿಂದಿ ಚೀಲಕ್ಕೆ ಹಾಕುವುದು ನನ್ನ ಅಭ್ಯಾಸ. ಗಿರಾಕಿಗಳ ಕಾಲಿಗೆ, ನಮ್ಮ ಮನೆಯವರ ಕಾಲಿಗೆ ಚುಚ್ಚದಿರಲಿ ಎಂಬ ಜಾಣತನ. ಚೀಲ ಬಾಗಿಲು ದಾಟಿದ ಮೇಲೆ ಅದಕ್ಕೆ ಇನ್ನೊಬ್ಬರು ಕೈ ಹಾಕುತ್ತಾರೆ ಎಂದು ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ನನ್ನ ತಲೆಗೆ ಬರಲಿಲ್ಲ.

ನನಗೆ ದಂಡ ಬೀಳಬಾರದೆಂದು ಅವಳು ನೋವು ನುಂಗಿಕೊಂಡಿದ್ದಳು. ನಾನು ಅವಳ ಅನ್ನಕ್ಕೆ ಕಲ್ಲು ಹಾಕಿ ಸಹಿ ಮಾಡಿದ್ದೆ. ಆಗಲಾದರೂ ಬಾಯಿ ಬಿಟ್ಟೆನೇ? ಇಲ್ಲ. "ನಾಳೆ ಬೆಳಿಗ್ಗೆ ನರ್ಸಮ್ಮನ ಹತ್ತಿರ ಹೋಗೋಣ, ಉತ್ತರ ಆಮೇಲೆ ಬರೆಯೋಣ" ಎಂದಷ್ಟೇ ಹೇಳಿದೆ.

ಆರೋಗ್ಯ ಕೇಂದ್ರದ ನರ್ಸಮ್ಮ ಬೆರಳು ನೋಡಿ ಹೌಹಾರಿದರು.

"ನಾಲ್ಕು ದಿನ ಯಾಕೆ ಬಿಟ್ಟೆ ಮಾರಾಯ್ತಿ? ಕಸದಲ್ಲಿ ಏನೇ ಚುಚ್ಚಲಿ, ಕೊಯ್ಯಲಿ, ತಕ್ಷಣ ಸೋಪು ನೀರಲ್ಲಿ ತೊಳೆದು ಅವತ್ತೇ ಇಲ್ಲಿಗೆ ಬರಬೇಕು. ಇನ್ನೆರಡು ದಿನ ಬಿಟ್ಟಿದ್ರೆ ಬೆರಳೇ ಉಳೀತಿರಲಿಲ್ಲ."

"ಮಂಗಳವಾರ ಏಳೋಕೇ ಆಗಲಿಲ್ಲ. ಆಮೇಲೆ ಮತ್ತೆ ರಜಾ ಹಾಕೋಕೆ ಆಗಲ್ಲ ಅಮ್ಮ" ಎಂದಳು ವಾರಗಿತ್ತಿ. ಡಾಕ್ಟರ್ ನೋಡಿದರು, ಇಂಜೆಕ್ಷನ್ ಕೊಟ್ಟರು, ಕೀವು ತೆಗೆಯಲು ಒಳಗೆ ಕರೆದುಕೊಂಡು ಹೋದರು.

ಹೊರಗೆ ಬೆಂಚಿನ ಮೇಲೆ ಕೂತ ನನಗೆ ಮತ್ತೆ ಒಳಗಿನ ಹುಳ ಕೊರೆಯಿತು. ತಪ್ಪು ನನ್ನದೆಂದು ಗೊತ್ತಿದ್ದರೂ ಬಾಯಿ ಕೇಳಬೇಕಲ್ಲ. "ಕಾಯಂ ಕೆಲಸ, ಕೈತುಂಬ ಸಂಬಳ. ಇನ್ನೊಂದು ದಿನ ರಜಾ ಹಾಕೋಕೆ ಏನು ಕಷ್ಟ ನರ್ಸಮ್ಮ?"

"ಅವಳು ರಜಾ ಹಾಕಿದ್ರೆ ಆ ಜಾಗಕ್ಕೆ ಯಾರು ಬರ್ತಾರೆ ಹೇಳಿ?"

"ಯಾರಾದ್ರೂ ಬರ್ತಾರೆ."

"ಯಾರೂ ಬರಲ್ಲ. ನಿಮ್ಮ ವಾರ್ಡಲ್ಲಿ ಹದಿನಾಲ್ಕು ಬೀದಿ ಇದೆ. ಮುಂಚೆ ಆರು ಜನ ಇದ್ರು. ಮೂರು ಜನ ನಿವೃತ್ತಿ ಆದ್ರು, ಒಬ್ಬರು ತೀರಿಹೋದ್ರು. ಆ ಜಾಗಕ್ಕೆ ಯಾರನ್ನೂ ತಗೊಂಡಿಲ್ಲ. ಈಗ ಇರೋದು ಅವಳು, ಇನ್ನೊಬ್ಬ ತಾತ. ಆ ತಾತನಿಗೆ ಸೊಂಟ ನೋವು. ಅವಳು ಬರದಿದ್ರೆ ಹದಿನಾಲ್ಕೂ ಬೀದಿ ಆ ತಾತನ ತಲೆ ಮೇಲೆ."

ನಾನು ಬೆರಳು ಮಡಚಿ ಲೆಕ್ಕ ಹಾಕಿದೆ.

"ಟೈಲರಮ್ಮ, ಆರು ಜನರ ಹೊಲಿಗೆ ನೀವೊಬ್ಬರೇ ಮಾಡಿ ಅಂದ್ರೆ?"

"ಆಗುತ್ತಾ? ಹೊಲಿಗೆ ಎಲ್ಲ ಕೆಡುತ್ತೆ."

"ಆಗ ಗಿರಾಕಿಗಳು, ಈ ಟೈಲರಮ್ಮನಿಗೆ ಕೂಲಿ ಜಾಸ್ತಿ ಆಗಿ ಕೊಬ್ಬು ಬಂದಿದೆ ಅಂದ್ರೆ?"

"ಅಂದೋರ ಬಾಯಿ ಹೊಲೀತೀನಿ!"

ನರ್ಸಮ್ಮ ನಕ್ಕರು. "ಅವಳು ಯಾರ ಬಾಯಿ ಹೊಲೀಬೇಕು? ಅವಳ ಸಂಬಳ ನೋಡಿ ಹೊಟ್ಟೆ ಉರಿಯುತ್ತೆ ಅಂದ್ರೆ ಹೇಳಿ, ನಾಲ್ಕು ಜಾಗ ಖಾಲಿ ಇದೆ. ಅರ್ಜಿ ಹಾಕ್ತೀರಾ?"

"ಥೂ, ನಾನ್ಯಾಕೆ ಆ ಕೆಲಸ..." ಎಂದವಳು ಅಲ್ಲೇ ನಿಲ್ಲಿಸಿದೆ.

"ನೋಡಿದ್ರಾ? ಕೆಲಸ ಕಂಡ್ರೆ ಮೂಗು ಮುಚ್ಚಿಕೊಳ್ತೀರ, ಸಂಬಳ ಕಂಡ್ರೆ ಕಣ್ಣು ಬಿಡ್ತೀರ. ಅವಳು ಒಂದು ವಾರ ಬರದಿದ್ರೆ ನಿಮ್ಮ ಬೀದಿಯ ಮಕ್ಕಳೆಲ್ಲ ಇದೇ ಬೆಂಚಿನ ಮೇಲೆ ಹೊಟ್ಟೆ ಹಿಡ್ಕೊಂಡು ಕೂತಿರ್ತಾರೆ. ಇಲ್ಲಿ ನಾನು ಕೊಡೋದು ಬಂದ ರೋಗಕ್ಕೆ ಮದ್ದು. ರೋಗ ಬರದ ಹಾಗೆ ನೋಡ್ಕೊಳ್ಳೋಳು ಅವಳು."

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದೆ. ಸಭೆಯಲ್ಲಿ ಎದ್ದು ನಿಜ ಹೇಳುತ್ತೇನೆ ಎಂದೆ. ಅವರು ಹೌಹಾರಿದರು. "ನಿನಗೆ ತಲೆ ಕೆಟ್ಟಿದೆಯಾ? ಮನೆ ಮಾನ ಬೀದೀಲಿ ಹರಾಜು ಹಾಕ್ತೀಯಾ? ಸುಮ್ಮನೆ ಸಹಿ ವಾಪಸ್ ತಗೊಂಡು ಬಾ."

"ಬೆಳಿಗ್ಗೆ ನೀವು ಗಡ್ಡ ಕೆರೆದ ಬ್ಲೇಡು ಎಲ್ಲಿ ಹಾಕಿದ್ರಿ?" ಎಂದು ಕೇಳಿದೆ.

ಅವರು ಕಸದ ಬುಟ್ಟಿಯ ಕಡೆ ನೋಡಿದರು. ಎದ್ದು ಹೋಗಿ ಬ್ಲೇಡು ಹೊರಗೆ ತೆಗೆದರು. ಸಭೆಗೆ ಅವರೂ ಬಂದರು.

ಶನಿವಾರ ಶಾಲೆಯ ಹಜಾರದಲ್ಲಿ ಸಭೆ. ಮುಂದೆ ಮೇಜಿನ ಹತ್ತಿರ ಪುರಸಭೆಯ ಅಧಿಕಾರಿಗಳು ಕೂತಿದ್ದರು. ವಾರಗಿತ್ತಿ ಮತ್ತು ಆ ತಾತ ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಕುರ್ಚಿ ಖಾಲಿ ಇದ್ದವು, ಕೂತುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಅಂಗಡಿ ಮಾವ ಅರ್ಜಿ ಓದಿದರು. "ಅವಳ ಸ್ವಂತ ಮನೆಯವರೇ ಮೊದಲ ಸಹಿ ಹಾಕಿದ್ದಾರೆ, ಇನ್ನೇನು ಸಾಕ್ಷಿ ಬೇಕು?" ಎಂದು ನನ್ನ ಕಡೆ ಕೈ ತೋರಿಸಿದರು.

ವಾರಗಿತ್ತಿ ನನ್ನತ್ತ ನೋಡಿದಳು. ಆ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಎದ್ದು ನಿಂತೆ. "ಹೌದು, ಮೊದಲ ಸಹಿ ನನ್ನದು. ಹೊಟ್ಟೆಕಿಚ್ಚಿಗೆ ಹಾಕಿದ್ದು. ಅವಳ ಸಂಬಳ ನೋಡಿ ಹೋದ ವರ್ಷದಿಂದ ಉರೀತಿದ್ದೆ. ಮಂಗಳವಾರ ಅವಳು ಯಾಕೆ ಬರಲಿಲ್ಲ ಗೊತ್ತಾ? ನನ್ನ ಕಸದಲ್ಲಿದ್ದ ಮುರಿದ ಸೂಜಿ ಅವಳ ಬೆರಳಿಗೆ ಹೊಕ್ಕಿತ್ತು. ನನಗೆ ದಂಡ ಬೀಳುತ್ತೆ ಅಂತ ಅವಳು ಬಾಯಿ ಬಿಡಲಿಲ್ಲ. ದಂಡ ಹಾಕಿ, ಕಟ್ತೀನಿ. ನೋಟಿಸು ಕೊಡೋದಾದ್ರೆ ನನಗೆ ಕೊಡಿ. ಆರು ಜನರ ಕೆಲಸ ಇಬ್ಬರು ಮಾಡ್ತಿದ್ದಾರೆ. ಅವರನ್ನ ಸೋಮಾರಿ ಅಂತೀವಲ್ಲ, ನಮ್ಮ ನಾಲಿಗೆಗೆ ಮೂಳೆ ಇಲ್ಲ!"

ಅಂಗಡಿ ಮಾವ ಗೊಣಗಿದರು, "ಇಬ್ಬರೇ ಇದ್ದಾರೆ ಅಂತ ನನಗೂ ಗೊತ್ತಿರಲಿಲ್ಲಮ್ಮ." ಎದ್ದು ಹೋಗಿ ಅರ್ಜಿ ವಾಪಸು ತೆಗೆದುಕೊಂಡರು. ನೋಟಿಸು ರದ್ದಾಯಿತು. ನಾಲ್ಕು ಜನರನ್ನು ತೆಗೆದುಕೊಳ್ಳಬೇಕೆಂದು ಸಭೆ ಕೈ ಎತ್ತಿತು. ಕೈಗವಸು, ಬೂಟು ತಿಂಗಳೊಳಗೆ ಕೊಡಬೇಕೆಂದೂ ಬರೆಸಿದೆವು. ನನಗೆ ದಂಡ ಬಿತ್ತು, ಕಟ್ಟಿದೆ.

ನಾನು ಮಾತಾಡಿದ್ದಕ್ಕೆ ವಾರಗಿತ್ತಿ ಓಡಿ ಬಂದು ತಬ್ಬಿಕೊಂಡಳು ಎಂದುಕೊಂಡಿರಾ? ಎಂಟು ದಿನ ಅವಳು ನನ್ನ ಮುಖ ನೋಡಲಿಲ್ಲ. ಒಂಬತ್ತನೆಯ ದಿನ ನಾನೇ ಅವಳ ಬಾಗಿಲಿಗೆ ಹೋದೆ. "ಒಳಗೆ ಬಾ ಅನ್ನಲ್ವಾ?" ಎಂದೆ. ಅವಳು ಬೆರಳಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ಸಂಬಳ ನೋಡಿ ಹೊಟ್ಟೆ ಉರಿದಿದ್ದಕ್ಕೆ ನನಗೆ ಬೇಜಾರಿಲ್ಲ ಅಕ್ಕ. ಅದು ಎಲ್ಲರಿಗೂ ಇರುತ್ತೆ. ಆದ್ರೆ ಸಹಿ ಹಾಕೋ ಮುಂಚೆ, ಯಾಕೆ ಬರಲಿಲ್ಲ ಅಂತ ಒಂದು ಮಾತು ನನ್ನ ಕೇಳಬಹುದಿತ್ತಲ್ಲ?"

ಅಲ್ಲೇ ಕೂತು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ, ಎದ್ದು ಹೋಗು ಎಂದೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಟೀಗೆ ಇಟ್ಟಳು.

ಈಗ ನಮ್ಮ ಮನೆಯಲ್ಲಿ ಮುಚ್ಚಳವಿರುವ ಒಂದು ತಗಡಿನ ಡಬ್ಬಿ ಇದೆ. ಸೂಜಿ, ಬ್ಲೇಡು, ಒಡೆದ ಗಾಜು ಅದರೊಳಗೆ. ಮೇಲೆ ಕೆಂಪು ಅಕ್ಷರದಲ್ಲಿ "ಚೂಪು" ಎಂದು ನನ್ನ ಗಂಡ ಬರೆದಿದ್ದಾರೆ. ತುಂಬಿದಾಗ ಅದನ್ನು ಕಸದ ಜೊತೆ ಸೇರಿಸದೆ, ಇದರಲ್ಲಿ ಚೂಪಾದ್ದಿದೆ ಎಂದು ಹೇಳಿ, ಅವಳ ಕೈಗೇ ಕೊಡುತ್ತೇವೆ. ಹೊಟ್ಟೆಕಿಚ್ಚು ಪೂರ್ತಿ ಹೋಯಿತೇ ಎಂದು ಮಾತ್ರ ಕೇಳಬೇಡಿ. ಹುಟ್ಟುಗುಣ ಸುಟ್ಟರೂ ಹೋಗದಂತೆ. ಆದರೆ ಅದು ತಲೆ ಎತ್ತಿದಾಗಲೆಲ್ಲ ಆ ಊದಿದ ಬೆರಳು ನೆನಪಾಗುತ್ತದೆ, ಬಾಯಿ ಮುಚ್ಚುತ್ತೇನೆ.

ಓದುತ್ತಿರುವ, ಕೇಳುತ್ತಿರುವ ನನ್ನವರೇ, ನಿಮ್ಮ ಬೀದಿಯ ಕಸ ಎತ್ತುವವರೂ ಯಾರದೋ ಮನೆಯ ಮಗಳು, ಯಾರದೋ ತಾತ. ಚೂಪಾದ್ದನ್ನು ಬೇರೆ ಇಡಿ. ನೀರು ಕೇಳಿದರೆ ನೀವು ಕುಡಿಯುವ ಲೋಟದಲ್ಲೇ ಕೊಡಿ. ಸಭೆಗೆ ಬಂದರೆ ಕುರ್ಚಿ ತೋರಿಸಿ. ಅವರ ಸಂಬಳ ಹೆಚ್ಚಾಯಿತು, ಜನ ಹೆಚ್ಚಾದರು ಎಂದು ಯಾರಾದರೂ ನಿಮ್ಮ ಮುಂದೆ ಕಾಗದ ಹಿಡಿದರೆ ಪೆನ್ನು ಎತ್ತಬೇಡಿ. ಮೊದಲು ಬೀದಿಗಿಳಿದು, ಆ ಗಾಡಿ ತಳ್ಳುವವರನ್ನು ಮಾತಾಡಿಸಿ: ಎಷ್ಟು ಬೀದಿಗೆ ಎಷ್ಟು ಜನ ಇದ್ದೀರಿ, ಕೈಗೆ ಗವಸು ಇದೆಯೇ, ಮೈ ಹುಷಾರಿದೆಯೇ?

ನಾನು ಕೇಳಲಿಲ್ಲ. ನೀವು ಕೇಳಿ.