ಮುತ್ತಲ ಎಲೆಯ ಕಟ್ಟು

‘ಹನ್ನೊಂದನೇ ಕೋಣೆ’ ಏಳೂವರೆಗೆ ಶುರುವಾಗುತ್ತಿತ್ತು. ಅಷ್ಟರೊಳಗೆ ನಾನು ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂರಬೇಕೆಂದು ಮಗಳು ದೀಪ್ತಿ ಹಟ ಮಾಡುತ್ತಿದ್ದಳು. ಹತ್ತು ತಿಂಗಳಿಂದ ಅವಳು ಆ ಧಾರಾವಾಹಿಯ ಒಂದು ದಿನವನ್ನೂ ಬಿಟ್ಟಿರಲಿಲ್ಲ. ಲಾಡ್ಜಿನ ಹನ್ನೊಂದನೇ ಕೋಣೆಯಿಂದ ರಘುವೀರ ಎಂಬವನು ಮಾಯವಾಗುತ್ತಾನೆ. ಬಾಗಿಲಿಗೆ ಒಳಗಿನಿಂದ ಚಿಲಕ, ಹಗ್ಗದ ಮೇಲೆ ಹಸಿ ಟವೆಲ್ಲು, ಮಂಚದ ಕೆಳಗೆ ಒಂದೇ ಚಪ್ಪಲಿ. ದೀಪ್ತಿ ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಆ ಗುರುವಾರ ಗುಟ್ಟು ಬಯಲಾಗುತ್ತದೆಂದು ವಾರದಿಂದ ತೋರಿಸುತ್ತಿದ್ದರು.

ಇಂಥ ಕಥೆ ಅವಳಿಗೆ ಯಾಕೆ ಹಿಡಿಸಿತೆಂದು ನಾನು ಕೇಳಿರಲಿಲ್ಲ. ಅವಳು ಹದಿನೈದು ತಿಂಗಳ ಕೂಸಾಗಿದ್ದಾಗ ಅವಳ ಅಪ್ಪ ಸುಯಮೀಂದ್ರ ಶಿಗ್ಗಾವಿಯ ಈ ಮನೆಯಿಂದ ಡಬ್ಬಿ ಹಿಡಿದು ಸವಣೂರಿನ ಕಾಲೇಜಿಗೆ ಪಾಠ ಮಾಡಲು ಹೊರಟವರು ಕಾಲೇಜು ಮುಟ್ಟಲಿಲ್ಲ, ತಿರುಗಿ ಮನೆಗೂ ಬರಲಿಲ್ಲ. ಬರುವ ಸೋಮವಾರಕ್ಕೆ ಹನ್ನೆರಡು ವರ್ಷ ತುಂಬುತ್ತಿತ್ತು.

ಅಷ್ಟು ವರ್ಷ ಸುದ್ದಿಯೇ ಇಲ್ಲದವರನ್ನು ತೀರಿಹೋದರೆಂದು ತಿಳಿದು ಕರ್ಮ ಮುಗಿಸುವ ಪದ್ಧತಿ ನಮ್ಮಲ್ಲಿದೆ. ಮುತ್ತಲ ಎಲೆಯ ಮುನ್ನೂರ ಅರವತ್ತು ತೊಟ್ಟು ಜೋಡಿಸಿ ಮನುಷ್ಯನ ಆಕಾರ ಮಾಡಿ ಅದಕ್ಕೆ ಬೆಂಕಿ ಕೊಡುತ್ತಾರೆ. ಹಾನಗಲ್ಲಿನಲ್ಲಿರುವ ಅವರ ಅಣ್ಣ, ನನ್ನ ಭಾವ ವಾದಿರಾಜರು ಸೋಮವಾರಕ್ಕೆ ಎಲ್ಲ ಗೊತ್ತುಮಾಡಿದ್ದರು. ನಾನು ಹೂಂ ಅಂದಿದ್ದೆ. ಕುಂಕುಮದ ಮಾತು ಬಂದಾಗ, ‘ಅದು ನಿನಗ ಬಿಟ್ಟದ್ದು, ಪದ್ಮಜಾ. ನಾ ಏನೂ ಅನ್ನೂದಿಲ್ಲ’ ಎಂದಿದ್ದರು.

ಅತ್ತೆಗೆ ಹೇಳಿರಲಿಲ್ಲ. ದೀಪ್ತಿಗೂ ಹೇಳಿರಲಿಲ್ಲ. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದು ದಿನ ತಳ್ಳುತ್ತ ಗುರುವಾರ ಬಂದುಬಿಟ್ಟಿತ್ತು. ಅಂದು ಮಧ್ಯಾಹ್ನ ಭಾವ ಎಲೆಯ ಕಟ್ಟನ್ನು ಹಾನಗಲ್ಲಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದರು. ನಾನು ಹೋಗಿ ತಂದು ಪಡಸಾಲೆಯಲ್ಲಿ ಇಳಿಸಿದಾಗ ಅತ್ತೆ ಕೇಳಿದರು.

‘ಯಾಕವಾ ಇಷ್ಟು ಎಲಿ?’

‘ಊಟಕ್ಕ ಬೇಕಾಗ್ತಾವ, ಅತ್ಯಾ’ ಎಂದೆ. ನಾಲಿಗೆಗೆ ಸಿಕ್ಕಿದ್ದು ಅದೇ.

ಏಳೂವರೆಗೆ, ಹಾಲು ಕೊಡುವ ಶೇಖವ್ವ ಎಂದಿನಂತೆ ಬಂದು ಹೊಸ್ತಿಲ ಬಳಿ ಕುಳಿತಳು. ಅವರ ಮನೆಯ ಟಿವಿ ಕೆಟ್ಟು ಯಾವ ಕಾಲವಾಗಿತ್ತೋ.

‘ಇವತ್ತ ಸಿಗತಾನೇನ್ರಿ ನಿಮ್ಮ ರಘುವೀರ?’

‘ಸುಮ್ಕಿರು ಶೇಖವ್ವ, ಶುರು ಆತು’ ಎಂದಳು ದೀಪ್ತಿ.

ಮೊದಲು ಕಂಡಿದ್ದು ಗೋಡೆಯ ಮೇಲಿನ ರಘುವೀರನ ಫೋಟೋ. ಅದಕ್ಕೆ ಹಾರ. ಮುಂದೆ ಊದಿನಕಡ್ಡಿ. ‘ಆರು ವರ್ಷಗಳ ನಂತರ’ ಎಂದು ಅಕ್ಷರ ಮೂಡಿತು. ಅವನ ಹೆಂಡತಿ ತಿಳಿಬಣ್ಣದ ಸೀರೆಯುಟ್ಟು ದೀಪ ಹಚ್ಚಿದಳು. ಶಾಲೆಗೆ ಹೋಗುತ್ತಿದ್ದ ಮಗಳು ದೊಡ್ಡವಳಾಗಿ, ನೋಡಲು ಬಂದ ಗಂಡಿನ ಕಡೆಯವರಿಗೆ ಚಹಾ ಕೊಟ್ಟಳು. ಇನ್‌ಸ್ಪೆಕ್ಟರ್‌ಗೆ ವರ್ಗವಾಗಿದೆಯಂತೆ. ಹನ್ನೊಂದನೇ ಕೋಣೆಯನ್ನು ಒಂದು ಸಲವೂ ತೋರಿಸಲಿಲ್ಲ. ಜಾಹೀರಾತು ಬಂತು.

ದೀಪ್ತಿಯ ಪೆನ್ನು ಕೈಯಲ್ಲೇ ಇತ್ತು.

ಶೇಖವ್ವ ನಕ್ಕಳು. ‘ಆ ಹೀರೋ ಬ್ಯಾರೆ ಚಾನಲ್‌ಗೆ ಹೋಗ್ಯಾನಂತ್ರಿ. ನಮ್ಮ ಭಾಗ್ಯಶ್ರೀ ಮೊಬೈಲ್‌ನ್ಯಾಗ ನೋಡಿ ಹೇಳಿದ್ಲು. ಅದಕ್ಕ ಹಾರ ಹಾಕಿ ಕೈ ತೊಳಕೊಂಡ್ರು ನೋಡ್ರಿ. ಅಲ್ಲಿ ಅಂವ ಹೊಸ ಕೋಟು ಹಾಕ್ಕೊಂಡು ಕುಣ್ಯಾಕತ್ತಾನ, ಇಲ್ಲಿ ಇವರು ಊದಿನಕಡ್ಡಿ ಹಚ್ಚಾಕತ್ತಾರ!’

ನನಗೆ ನಗು ಬರಲಿಲ್ಲ. ಮೂಲೆಯಲ್ಲಿ ಅತ್ತೆಯ ಕೈಯಿಂದ ಪಟ್ ಪಟ್ ಎಂದು ಸಣ್ಣ ಸದ್ದು ಬರುತ್ತಿತ್ತು. ತಿರುಗಿ ನೋಡಿದೆ. ಕಟ್ಟು ಬಿಚ್ಚಿ ಹರಡಿತ್ತು. ಅತ್ತೆ ಒಂದೊಂದೇ ಎಲೆಯ ತೊಟ್ಟು ಮುರಿದು, ಎಲೆಗೆ ಎಲೆ ಸೇರಿಸಿ, ಕಡ್ಡಿ ಚುಚ್ಚಿ ಪತ್ರಾವಳಿ ಹಚ್ಚುತ್ತಿದ್ದರು. ಪಕ್ಕದಲ್ಲಿ ಆಗಲೇ ಎತ್ತರದ ಅಡಕು.

‘ಅತ್ಯಾ, ತೊಟ್ಟು ಎಲ್ಲಿಟ್ರಿ?’

‘ತೊಟ್ಟು ಏನು ಮಾಡ್ತೀ? ಸಂಜೀಕೆ ಬಚ್ಚಲ ಒಲಿಗೆ ಹಾಕಿದೆ. ಇವು ಒಂದೀಟು ಉಳದಾವ.’

ನಾನು ಎದ್ದು ನಿಂತೆ. ಆ ಹೊತ್ತಿಗೆ ದೀಪ್ತಿ ಟಿವಿ ಆರಿಸಿದಳು.

‘ಅಯ್ಯ, ಇನ್ನೂ ಅರ್ಧಾ ಐತಿ’ ಎಂದಳು ಶೇಖವ್ವ.

‘ಬ್ಯಾಡ ನನಗ. ಸುಳ್ಳರು.’ ದೀಪ್ತಿ ನೋಟ್‌ಬುಕ್ಕು ನೆಲಕ್ಕೆ ಎಸೆದು ಕಣ್ಣೊರೆಸಿಕೊಂಡಳು. ‘ಸತ್ತಾನ ಅಂದ್ರ ಹೆಂಗ ಸತ್ತ ಅಂತ ಹೇಳಬೇಕು. ಗೊತ್ತಿಲ್ಲ ಅಂದ್ರ ಗೊತ್ತಿಲ್ಲ ಅಂತರೆ ಹೇಳಬೇಕು. ಹುಡುಕೂದು ಬಿಟ್ಟು ಸುಮ್ನ ಹಾರ ಹಾಕಿದ್ರ ಆತೇನು? ಆ ಮಗಳಿಗೆ ಒಂದು ಮಾತರೆ ಕೇಳ್ಯಾರೇನು?’

‘ಕಥಿ ಐತಿ ತಂಗಿ, ಅದಕ್ಕ್ಯಾಕ ಅಳ್ತಿ?’ ಎಂದ ಶೇಖವ್ವ ನನ್ನ ಮುಖ ನೋಡಿದಳು. ಏನು ತಿಳಿಯಿತೋ, ಚರಿಗೆ ಎತ್ತಿಕೊಂಡು ಹೊರಟಳು.

ನೆಲದ ಮೇಲೆ ತೆರೆದು ಬಿದ್ದಿದ್ದ ನೋಟ್‌ಬುಕ್ಕು ಎತ್ತಲು ಬಾಗಿದೆ. ಅದು ಹಿಂದಿನ ಪುಟದಿಂದ ತೆರೆದಿತ್ತು. ಅಲ್ಲಿ ರಘುವೀರನ ಹೆಸರಿರಲಿಲ್ಲ. ‘ಅಪ್ಪ’ ಎಂದು ಮೇಲೆ ಬರೆದಿತ್ತು. ಯಾವ ಬಸ್ಸು? ಡಬ್ಬಿಯಲ್ಲಿ ಏನಿತ್ತು? ಹಿಂದಿನ ದಿನ ಯಾರ ಜೊತೆ ಮಾತಾಡಿದರು? ಪ್ರತಿ ಪ್ರಶ್ನೆಯ ಕೆಳಗೂ ಎರಡು ಗೆರೆ ಖಾಲಿ ಬಿಟ್ಟಿದ್ದಳು.

ಡಬ್ಬಿಯಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ಅವಲಕ್ಕಿ. ಹನ್ನೆರಡು ವರ್ಷದಲ್ಲಿ ಅಷ್ಟನ್ನೂ ನಾನು ಅವಳಿಗೆ ಹೇಳಿರಲಿಲ್ಲ.

ಅತ್ತೆಯ ಎದುರು ಕುಳಿತೆ. ದೀಪ್ತಿಯನ್ನೂ ಕರೆದು ಕೂರಿಸಿಕೊಂಡೆ. ಎಲೆ ಬಂದದ್ದು ಊಟಕ್ಕಲ್ಲ ಎಂದೆ. ಯಾತಕ್ಕೆ ಬಂದವು, ಸೋಮವಾರ ಏನಿದೆ ಎಂಬುದನ್ನೂ ಹೇಳಿದೆ. ದೀಪ್ತಿಯ ಅಪ್ಪನಿಗೆ ಏನಾಯಿತೋ ನಮಗೆ ಯಾರಿಗೂ ಗೊತ್ತಿಲ್ಲ ಎಂದೂ ಹೇಳಿದೆ. ಅಷ್ಟು ಹೇಳಲು ಬಹಳ ಹೊತ್ತು ಹಿಡಿಯಿತು.

ಅತ್ತೆ ತಮ್ಮ ಕೈ ನೋಡಿಕೊಂಡರು. ಬೆರಳ ತುದಿ ಹಸಿರಾಗಿತ್ತು.

‘ಅದಕ್ಕ ವಾದಿ ತಾ ಬರಲಾರದ ಬಸ್ಸಿನ್ಯಾಗ ಕಳಿಸ್ಯಾನ’ ಎಂದರು. ಕೈ ನನ್ನ ಮುಂದೆ ಹಿಡಿದು, ‘ನನ್ನ ಕೈಲೆ ಒಲಿಗೆ ಹಾಕಿಸಿದ್ಯಲ್ಲಾ, ಪದ್ಮಜಾ. ಮೊದಲ ಹೇಳಬೇಕಿತ್ತಿಲ್ಲೋ.’

‘ತಪ್ಪಾತ್ರಿ.’

ದೀಪ್ತಿ ಬೈಯಲಿಲ್ಲ. ‘ನೀನೂ ಹಾರ ಹಾಕಾಕಿ ಇದ್ದಿ’ ಎಂದಳಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾನು ಭಾವನಿಗೆ ಫೋನು ಹಚ್ಚಿ, ಇಬ್ಬರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದೆ.

‘ಎಲಿ ಮುಟ್ಟಿದವೇನು?’

‘ಮುಟ್ಟಿದವ್ರಿ. ತೊಟ್ಟು ಬೇಕಾದಷ್ಟು ಉಳದಿಲ್ಲ.’ ಆದದ್ದನ್ನು ಹೇಳಿದೆ. ‘ಈ ಸೋಮವಾರ ಬ್ಯಾಡ್ರಿ ಭಾವ. ಆಮ್ಯಾಲೆ ಮಾಡೂಣೋ ಬಿಡೂಣೋ ನನಗ ತಿಳೀವಲ್ತು. ಮೊದಲ ನೀವು ಬಂದು ಕೂಡ್ರಿ. ಎಲ್ಲೆಲ್ಲಿ ಹುಡುಕಿದ್ರಿ, ಯಾರ್ಯಾರು ಏನಂದ್ರು, ಅವ್ವಗ ನೀವ ಹೇಳ್ರಿ. ದೀಪ್ತಿಗೂ.’

‘ಹನ್ನೆರಡು ವರ್ಷದ ಮ್ಯಾಲೆ ತಡಾ ಮಾಡಬಾರದು, ಪದ್ಮಜಾ. ಅವನ ಜೀವಕ್ಕ ದಾರಿ...’ ಅವರ ಮಾತು ತುಂಡಾಯಿತು. ಆಮೇಲೆ ದನಿ ಇಳಿಸಿ, ‘ಹಿರೇಕೆರೂರಿಗೆ ಮೂರು ಸಲ ಹೋಗಿ ಬಂದೇನಿ. ಅವನ ಹಂಗ ಇದ್ದಾಂವನ್ನ ಅಲ್ಲಿ ಯಾರೋ ನೋಡಿದ್ರಂತ. ಬಸ್‌ಸ್ಟ್ಯಾಂಡಿನ್ಯಾಗ ಕುಂತು ಕುಂತು ತಿರುಗಿ ಬಂದೆ. ಅವ್ವಗ ಹೆಂಗ ಹೇಳ್ಲಿ?’

ಇದು ನನಗೂ ಗೊತ್ತಿರಲಿಲ್ಲ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

‘ದೊಡ್ಡಪ್ಪ’ ಎಂದಳು ದೀಪ್ತಿ, ‘ಯಾವ ವರ್ಷ?’



‘ರವಿವಾರ ಬರ್ತೀನಿ, ಪುಟ್ಟಿ. ಎಲ್ಲಾ ಹೇಳ್ತೀನಿ.’

ಒಳಗೆ ಹೋಗಿ ಸಾರು ಕಾಯಿಸಿದೆ. ಒಪ್ಪಿದ್ದನ್ನು ಮುರಿದದ್ದು ಸರಿಯೋ ತಪ್ಪೋ, ಇನ್ನೆಷ್ಟು ದಿನ ಹೀಗೆಂಬುದೂ ತಿಳಿಯಲಿಲ್ಲ. ತಿರುಗಿ ಬಂದಾಗ ದೀಪ್ತಿ ಅಜ್ಜಿಯ ಪಕ್ಕ ಸರಿದು ಕುಳಿತು ಬರೆಯುತ್ತಿದ್ದಳು. ‘ಡಬ್ಬಿಯೊಳಗ ಅವಲಕ್ಕಿ ಇತ್ತು’ ಎಂದೆ. ಅವಳು ತಲೆ ಎತ್ತದೆ, ಖಾಲಿ ಬಿಟ್ಟಿದ್ದ ಗೆರೆಯ ಮೇಲೆ ಅದನ್ನು ಬರೆದಳು.

ಊಟದ ಹೊತ್ತಾಗಿತ್ತು. ಹಚ್ಚಿದ ಎಲೆಗಳ ಅಡಕು ಅಲ್ಲೇ ಇತ್ತು. ಅದರಲ್ಲಿ ಉಣ್ಣಬೇಕೋ ಬೇಡವೋ ಅತ್ತೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೂರು ಸ್ಟೀಲಿನ ತಟ್ಟೆ ತೊಳೆದು ತಂದು ಇಟ್ಟೆ.