ವೀಳ್ಯದ ಪೆಟ್ಟಿಗೆ ಹಿಡಿದವಳು

"ಮೊದಲನೇ ಪ್ರಶ್ನೆ, ಯಾರು ಹೇಳಿದ್ದು? ಎರಡನೇದು, ಯಾವಾಗ ಹೇಳಿದ್ದು?" ಹಸ್ನಿದಾರ್ ಟೀಚರ್ ಹಲಗೆಗೆ ಸೀಮೆಸುಣ್ಣ ಕುಟ್ಟಿದರು. "ಜುರೈದಾ, ಎದ್ದು ನಿಲ್ಲು."

ಪರೀಕ್ಷೆಗೆ ಐದೇ ದಿನವಿತ್ತು. ಎಂಟನೇ ತರಗತಿಗೆ ಬೆಳಗ್ಗೆಯಿಂದ ಪುನರಾವರ್ತನೆ ನಡೆದಿತ್ತು. ಕರ್ತೃ, ಕರ್ಮ ಮುಗಿದು, ಉಪಮೆ, ರೂಪಕ ಮುಗಿದು, ಪಂತೂನ್ ಪದ್ಯವೂ ಮುಗಿದಿತ್ತು: ನಾಲ್ಕು ಸಾಲು, ಮೊದಲೆರಡರಲ್ಲಿ ಒಂದು ಚಿತ್ರ, ಕೊನೆಯೆರಡರಲ್ಲಿ ಮನಸ್ಸಿನ ಮಾತು, ಒಂದು ಬಿಟ್ಟು ಒಂದು ಸಾಲಿಗೆ ಪ್ರಾಸ. ಉಳಿದದ್ದು ಕೊನೆಯ ಪಾಠ, ಓದಿದ್ದನ್ನು ನಂಬುವ ಮೊದಲು ಅದರ ಮೂಲವನ್ನು ಪರೀಕ್ಷಿಸುವುದು. ಅದಕ್ಕೆ ಟೀಚರ್‌ಗೆ ಒಳ್ಳೇ ಉದಾಹರಣೆ ಸಿಕ್ಕಿತ್ತು. ಸಿಕ್ಕಿದ್ದಕ್ಕೆ ಖುಷಿಯೂ ಆಗಿತ್ತು, ಸುಳ್ಳೇಕೆ ಹೇಳಬೇಕು.

ಜುರೈದಾ ಮನೆಪಾಠಕ್ಕೆ ಬರೆದು ತಂದ ಪಂತೂನನ್ನು ಅವರು ಓದಿದರು.

ಹೊಳೆಯ ತಡಿಗೆ ದೋಣಿ ಬಂತು,
ಹಗ್ಗ ಕಟ್ಟಲು ಗೂಟವಿಲ್ಲ;
ಹೊಸ್ತಿಲಾಚೆ ಪ್ರೀತಿ ನಿಂತು
ಕಾದರೂ ಕರೆವ ಕಂಠವಿಲ್ಲ.

"ಚೆನ್ನಾಗಿದೆ, ಅಲ್ವಾ? ಈಗ ಇದು ಕೇಳಿ." ಮೊಬೈಲು ಎತ್ತಿ ಹಿಡಿದರು. ಮೂರು ತಿಂಗಳ ಹಿಂದಿನ ಮದುವೆಯೊಂದರ ವಿಡಿಯೋ. ಜುರೈದಾಳ ಅಪ್ಪ ಪಾಕ್ ತಮ್ರಿನ್ ಹೆಣ್ಣಿನ ಮನೆ ಬಾಗಿಲಲ್ಲಿ ನಿಂತು ಅದೇ ನಾಲ್ಕು ಸಾಲನ್ನು ಎದೆಯುಬ್ಬಿಸಿ ಹೇಳುತ್ತಿದ್ದ.

"ಅಪ್ಪನ ಜೇಬಿಗೇ ಕೈ ಹಾಕಿದಾಳೆ!" ಎಂದಳು ಸಲ್ಮಿಯಾ. ತರಗತಿ ನಕ್ಕಿತು.

ಟೀಚರ್ ಸೊನ್ನೆ ಹಾಕಿದರು. ಜಿಲ್ಲಾ ಪದ್ಯಸ್ಪರ್ಧೆಯ ಪಟ್ಟಿಯಿಂದ ಅವಳ ಹೆಸರನ್ನೂ ಹೊಡೆದುಹಾಕಿದರು. ಜುರೈದಾ, "ಕ್ಷಮಿಸಿ, ಇಬು" ಎಂದಷ್ಟೇ ಹೇಳಿ ಕುಳಿತಳು; ಟೀಚರಮ್ಮನನ್ನು ಅಲ್ಲಿ ಇಬು ಎಂದೇ ಕರೆಯುವುದು. ಯಾಕಮ್ಮಾ ಎಂದು ಒಂದು ಮಾತು ಕೇಳುವುದು ಟೀಚರ್‌ಗೆ ಹೊಳೆಯಲೇ ಇಲ್ಲ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಇಂದ್ರಗಿರಿ ಹೊಳೆಯ ಎರಡೂ ದಡದಲ್ಲಿ ಪಾಕ್ ತಮ್ರಿನ್ ಇಲ್ಲದೆ ಗಂಡಿನ ದಿಬ್ಬಣ ಹೊರಡುತ್ತಿರಲಿಲ್ಲ. ಹೆಣ್ಣಿನ ಕಡೆಯವರು ಬಾಗಿಲಿಗೆ ಹಳದಿ ಬಟ್ಟೆ ಅಡ್ಡ ಹಿಡಿದು ಪಂತೂನಿನಲ್ಲಿ ಕೆಣಕುತ್ತಾರೆ. ಗಂಡಿನ ಕಡೆಯವನು ನಿಂತ ನಿಲುವಿನಲ್ಲೇ ಕಟ್ಟಿ ಉತ್ತರಿಸಿದರೆ ಮಾತ್ರ ದಾರಿ. ಬರೆದುಕೊಂಡು ಬಂದವನನ್ನು ಊರು ವರ್ಷಗಟ್ಟಲೆ ಆಡಿಕೊಳ್ಳುತ್ತದೆ. ಪಂತೂನು ಯಾರ ಬಾಯಿಂದ ಬಂತೋ ಅವರದ್ದು. ಅದರಾಚೆಗೆ ಯಾರೂ ಕೇಳುವುದಿಲ್ಲ.

ಆ ಭಾನುವಾರ ಪಕ್ಕದ ಮನೆಯ ಮದುವೆಯಲ್ಲಿ ಹಳದಿ ಬಟ್ಟೆಯ ಒಂದು ತುದಿ ಹಸ್ನಿದಾರ್ ಅವರ ಕೈಗೇ ಬಂತು. ಹೆಣ್ಣಿನ ಕಡೆಯ ಮಾತುಗಾರ ಸಲ್ಮಿಯಾಳ ಅಪ್ಪ. ಆಚೆ ಪಾಕ್ ತಮ್ರಿನ್. ಅವನ ಮಗ್ಗುಲಲ್ಲೇ ವೀಳ್ಯದ ಪೆಟ್ಟಿಗೆ ಹಿಡಿದು ಜುರೈದಾ.

ಎರಡು ಸುತ್ತು ಸಲೀಸಾಗಿ ಹೋಯಿತು. ಮೂರನೆಯದಕ್ಕೆ ಸಲ್ಮಿಯಾಳ ಅಪ್ಪ ಯಾರೂ ಕೇಳದ ಪದ್ಯ ಎಸೆದ. ತಮ್ರಿನ್ ಕೆಮ್ಮಿದ. "ಗಂಟಲು ಒಣಗ್ತು, ಮಗಳೇ. ಒಂದು ಎಲೆ ಕೊಡು." ಜನ ನಕ್ಕರು, ಕಾಯಿಸಿ ಆಡಿಸುವ ಅವನ ಆಟ ಎಲ್ಲರಿಗೂ ಗೊತ್ತಲ್ಲ! ಜುರೈದಾ ತಲೆ ತಗ್ಗಿಸಿ ಎಲೆಗೆ ಸುಣ್ಣ ಸವರುತ್ತ ತುಟಿ ಅಲುಗಿಸಿದಳು. ನಾಲ್ಕು ಸಾಲು. ಬಟ್ಟೆಯ ಈಚೆ ಒಂದು ಮೊಳ ದೂರದಲ್ಲಿದ್ದ ಟೀಚರ್‌ಗೆ ಒಂದೊಂದು ಪದವೂ ಕೇಳಿಸಿತು. ಆಮೇಲೆ ಅದೇ ನಾಲ್ಕು ಸಾಲು ತಮ್ರಿನ್ನನ ದೊಡ್ಡ ದನಿಯಲ್ಲಿ ಬಂತು. ಅಂಗಳವೆಲ್ಲ ಭೇಷ್ ಎಂದಿತು.

ಟೀಚರ್ ಕೈಯಿಂದ ಬಟ್ಟೆ ಜಾರಿತು. ಇಂಥ ಮಗುವಿಗೆ ಕಳ್ಳಿಯ ಪಟ್ಟ ಕಟ್ಟಿದೆನಲ್ಲ, ಅದೂ ನಲವತ್ತು ಜನರೆದುರು! ನಿಂತ ನೆಲ ಬಾಯಿಬಿಡಬಾರದೇ ಎನ್ನಿಸಿತು ಅವರಿಗೆ.

ಊಟದ ಹೊತ್ತಿಗೆ ಹುಡುಗಿಯನ್ನು ಅಡುಗೆ ಚಪ್ಪರದ ಹಿಂದೆ ಹಿಡಿದರು.

"ಯಾಕೆ ಬಾಯಿ ಬಿಡ್ಲಿಲ್ಲ ನೀನು?"

ಜುರೈದಾ ಸುತ್ತ ನೋಡಿದಳು. "ಅಪ್ಪಂಗೆ ಹೋದ ವರ್ಷ ಜ್ವರ ತಲೆಗೇರ್ತಲ್ಲ ಇಬು, ಆವತ್ತಿಂದ ಪದ ಸಿಗಲ್ಲ. ದನಿ ಮಾತ್ರ ಇದೆ. ಇದು ಗೊತ್ತಾದ್ರೆ ಯಾರೂ ಕರೆಯಲ್ಲ. ಮನೇಲಿ ಹಂಗೇ ಗೋಡೆ ನೋಡ್ಕೊಂಡು ಕೂತ್ಬಿಡ್ತಾನೆ."

"ಅಯ್ಯೋ, ನನ್ನಿಂದ ಎಂಥಾ ತಪ್ಪಾಯ್ತು ಕಣೇ."

"ಸೊನ್ನೆ ಇರ್ಲಿ ಬಿಡಿ. ಯಾರಿಗೂ ಹೇಳ್ಬೇಡಿ, ಅಷ್ಟು ಸಾಕು."

ಅಷ್ಟು ಸಾಕು ಎಂದವಳ ಮಾತನ್ನು ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಮಾಡಿದ ತಪ್ಪು ಸುಮ್ಮನೆ ಕೂರಲು ಬಿಡುತ್ತದೆಯೇ? ಸರಿಮಾಡುತ್ತೇನೆಂದು ಹೊರಟವರು ಇನ್ನೊಂದು ತಪ್ಪು ಮಾಡಿದರು. ಸೋಮವಾರ ತರಗತಿಗೆ ಬಂದವರೇ, "ಆವತ್ತು ನಾನು ವಿಚಾರಿಸದೆ ಅವಮಾನ ಮಾಡಿದೆ. ಜುರೈದಾಗೆ ಇನ್ನೊಂದು ಅವಕಾಶ. ಇಲ್ಲೇ, ಎಲ್ಲರ ಮುಂದೆ ಒಂದು ಪಂತೂನು ಕಟ್ಟಲಿ. ಚೆನ್ನಾಗಿದ್ದರೆ ಸ್ಪರ್ಧೆಗೆ ಅವಳೇ. ಸೇತುವೆ ಅನ್ನೋ ಪದ ಇರಲಿ" ಎಂದರು.

"ನಿಂತಲ್ಲೇ ಕಟ್ತಾಳಾ?" ಸಲ್ಮಿಯಾ ಬೆಂಚಿನಿಂದ ಬಾಗಿದಳು. "ಕಟ್ಟಿಬಿಟ್ರೆ, ಇಬು, ಅವಳಪ್ಪಂಗೂ ಇವಳೇ ಕಟ್ಟಿಕೊಡ್ತಾಳೆ ಅಂತಾಯ್ತು! ನಿನ್ನೆ ಮದುವೇಲಿ ಪದ್ಯದ ಮಧ್ಯೆ ಇವಳ ಹತ್ರಾನೇ ಎಲೆ ಕೇಳಿದ್ರಲ್ಲ. ನಮ್ಮಪ್ಪ ಅದನ್ನೇ ಅಂತಿದ್ರು."

ನಗು ಎದ್ದಿತು, ಅಡಗಿತು. ಈಗ ಎಲ್ಲರೂ ಜುರೈದಾಳನ್ನೇ ನೋಡುತ್ತಿದ್ದರು. ಬೇಡ, ಕೂತ್ಕೋ ಎನ್ನಲು ಟೀಚರ್ ಬಾಯಿ ತೆರೆದರು, ಆದರೆ ಹಾಗಂದರೆ ಸಲ್ಮಿಯಾಳ ಮಾತಿಗೆ ಮುದ್ರೆ ಒತ್ತಿದಂತೆಯೇ. ಜುರೈದಾ ಒಮ್ಮೆ ಅವರ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಸೀಮೆಸುಣ್ಣ ತೆಗೆದುಕೊಂಡು ದುಂಡಗೆ ಬರೆದಳು.

ಸೇತುವೆ ಮೇಲೆ ಬಸ್ಸು ಹೋಯಿತು,
ಬಸ್ಸಿನ ಒಳಗೆ ಜನ ಇದ್ದರು;
ನಾನು ದಿನಾ ಶಾಲೆಗೆ ಬರುತ್ತೇನೆ,
ನಮ್ಮ ಶಾಲೆ ತುಂಬಾ ಚೆನ್ನಾಗಿದೆ.

ತರಗತಿ ಗೊಳ್ಳೆಂದಿತು. "ಪ್ರಾಸನೂ ಇಲ್ಲ, ಪ್ರಾಣನೂ ಇಲ್ಲ! ಪಾಪ, ಅಪ್ಪಂದು ಕದೀದೆ ಇನ್ನೇನು ಮಾಡ್ತಾಳೆ?" ಸಲ್ಮಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅನುಮಾನವೆಲ್ಲ ಆ ನಗುವಿನಲ್ಲೇ ಹೋಯಿತು. ಜುರೈದಾ ಕೂಡ ನಾಲಗೆ ಕಚ್ಚಿಕೊಂಡು ನಕ್ಕಳು.

"ತಪ್ಪು ತೋರಿಸಿ, ಇಬು," ಎಂದು ಸೀಮೆಸುಣ್ಣವನ್ನು ಟೀಚರ್ ಕೈಗಿಟ್ಟಳು.

ಹಸ್ನಿದಾರ್ ಹಲಗೆಯ ಕಡೆ ತಿರುಗಿದರು. ಮೂರನೇ ಸಾಲಿನ ಕೊನೆಗೆ ಗೆರೆ ಎಳೆದರು, ನಾಲ್ಕನೆಯದರ ಕೊನೆಗೂ ಎಳೆದರು. "ಇಲ್ಲಿ... ಇಲ್ಲಿ ಪ್ರಾಸ ಸೇರಿಲ್ಲ," ಎಂದರು. ಬೆನ್ನ ಹಿಂದೆ ಜುರೈದಾ ತನ್ನ ಜಾಗಕ್ಕೆ ಹೋಗಿ ಕುಳಿತು, ಪುಸ್ತಕ ಬಿಡಿಸಿ, ಅವರು ಹೇಳಿದ್ದನ್ನು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದಳು.