ಬೋರ್ಡಿನೊಳಗೆ ಬಿಗಿದ ತಂತಿ

ಟ್ಯಾಕ್ಸಿ ಓಡಿಸುವವರಿಗೆ ಗ್ಯಾಸ್ ಬಂಕಿನ ಸಾಲು ಎಂದರೆ ದಿನದ ತಲೆನೋವು. ಕಾರು ರಿಪೇರಿ ಮೇಸ್ತ್ರಿಯೊಬ್ಬನ ತಮ್ಮ ಟ್ಯಾಕ್ಸಿಯವನು, ಆ ಸಾಲಿನಲ್ಲಿ ನಿಂತು ನಿಂತು ರೋಸಿಹೋಗಿ, ಒಂದು ದಿನ ಅಣ್ಣನ ಗ್ಯಾರೇಜಿಗೆ ಬಂದು, ಹಳೇ ಕಾರು ಕೊಟ್ಟು ಕರೆಂಟಿನ ಕಾರು ತೆಗೆದುಕೊಳ್ಳುತ್ತೇನೆ ಎಂದ. ಅವತ್ತಿನಿಂದ ಅಣ್ಣತಮ್ಮಂದಿರ ಜಟಾಪಟಿ ಶುರುವಾಯಿತು.

ಮೇಸ್ತ್ರಿಯದು ಮೂವತ್ತು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದ ಕೈ. ಸದ್ದು ಕೇಳಿಯೇ ಗಾಡಿಯ ಕಾಯಿಲೆ ಹೇಳುತ್ತಾನೆ. ಸದ್ದೇ ಮಾಡದ ಕಾರು ಎಂದರೆ ಅವನಿಗೆ ಮೈಯೆಲ್ಲ ಉರಿ. ನಡುದಾರಿಯಲ್ಲಿ ಬ್ಯಾಟರಿ ಕೈಕೊಟ್ಟರೆ ಯಾರು ಬರುತ್ತಾರೆ, ಮಳೆನೀರು ನುಗ್ಗಿದರೆ ಗತಿ ಏನು ಎಂದು ದಿನಕ್ಕೊಂದು ತಕರಾರು ತೆಗೆದ. ಒಳಗಿನ ಸಂಕಟ ಬೇರೆಯೇ ಇತ್ತು. ಎಲ್ಲರೂ ಇಂಥ ಕಾರು ತೆಗೆದುಕೊಂಡರೆ ತನ್ನ ಗ್ಯಾರೇಜಿಗೆ ಯಾರು ಬರುತ್ತಾರೆ? ಅದನ್ನು ಮಾತ್ರ ಅವನು ಬಾಯಿಬಿಟ್ಟು ಹೇಳಲಿಲ್ಲ.

ತಮ್ಮನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಇವರ ಜಗಳಕ್ಕೆ ಬೇಸತ್ತು ಎದುರುಮನೆಯ ಕರೆಂಟಕ್ಕನನ್ನು ಕರೆದಳು. ಕರೆಂಟಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಮನೆಗಳಿಗೆ ವೈರಿಂಗ್ ಮಾಡುವುದು ಅವಳ ಕೆಲಸ, ಅದಕ್ಕೆ ತರಬೇತಿ ಪಡೆದು ಪರವಾನಗಿ ಇಟ್ಟುಕೊಂಡವಳು. ಅವಳು ಯಾರ ಪರವೂ ವಹಿಸದೆ ಎರಡೇ ಪ್ರಶ್ನೆ ಕೇಳಿದಳು. ದಿನಕ್ಕೆ ಎಷ್ಟು ದೂರ ಓಡಿಸುತ್ತೀಯ? ಕಾರು ನಿಲ್ಲಿಸುವುದು ಎಲ್ಲಿ? ನೂರು ನೂರಿಪ್ಪತ್ತು ಕಿಲೋಮೀಟರ್, ಊರೊಳಗೇ, ನಿಲ್ಲಿಸುವುದು ಮನೆ ಬಾಗಿಲಲ್ಲಿ ಎಂದ ತಮ್ಮ.

"ಹಾಗಾದ್ರೆ ನಿನಗೆ ಇದು ಒಗ್ಗುತ್ತೆ" ಎಂದಳು ಕರೆಂಟಕ್ಕ. "ದಿನಾ ದೂರದೂರಿಗೆ ಹೋಗೋವ್ರಿಗೆ, ದಾರೀಲಿ ಚಾರ್ಜ್ ಮಾಡೋ ಜಾಗ ಇಲ್ಲದೋರಿಗೆ ಬೇಡ ಅಂತಲೇ ಹೇಳ್ತಿದ್ದೆ. ಗ್ಯಾಸ್ ಕಾರಿಗೆ ಸಿಲಿಂಡರ್ ಪರೀಕ್ಷೆ ಹೊತ್ತಿಗೆ ಸರಿಯಾಗಿ ಮಾಡಿಸ್ಬೇಕಲ್ಲ, ಹಾಗೇ ಇದಕ್ಕೂ ಕಟ್ಟುನಿಟ್ಟು ಇದೆ. ಮೀಟರಿಂದ ಬೇರೆ ಲೈನ್ ಎಳೀಬೇಕು. ದಪ್ಪ ವೈರು, ಸರಿಯಾದ ಅರ್ಥಿಂಗ್, ಲೋಡು ಹೆಚ್ಚಾದ್ರೆ ತಾನೇ ಬೀಳೋ ಟ್ರಿಪ್ ಸ್ವಿಚ್ಚು ಅದಕ್ಕೇ ಅಂತ ಬೇರೆ. ಎಕ್ಸ್‌ಟೆನ್ಶನ್ ಬಾಕ್ಸಿನ ಗೊಡವೆಗೆ ಹೋಗ್ಬೇಡಿ."

ಅವಳ ಕೈಯಲ್ಲಿ ಬೇರೆ ಕೆಲಸವಿತ್ತು. ಮುಂದಿನ ವಾರ ಬಂದು ಲೈನ್ ಎಳೆದುಕೊಡುತ್ತೇನೆ ಎಂದು ಹೋದಳು. ಕಾರು ಅದಕ್ಕೂ ಮೊದಲೇ ಬಂತು.

ಎಡವಟ್ಟಾದದ್ದು ಅಲ್ಲೇ. ಹೊಸ ಕಾರನ್ನು ಅವಳು ಬರುವವರೆಗೆ ಸುಮ್ಮನೆ ನಿಲ್ಲಿಸಲು ತಮ್ಮನಿಗೆ ಮನಸ್ಸಿಲ್ಲ. ಮೇಸ್ತ್ರಿಗೆ ಕಾರು ಬೇಡದಿದ್ದರೂ, ಎದುರುಮನೆ ಹೆಂಗಸು ಮಾಡುವ ಕೆಲಸ ತನಗೆ ಬಾರದೇ ಎಂಬ ಜಂಬ. ತಮ್ಮನ ಮನೆಗೆ ಬಂದು, ಹೊಲಿಗೆ ಮಿಷನ್ನಿನ ಪಕ್ಕದ ಪ್ಲಗ್ಗಿನಿಂದ ಕಿಟಕಿಯಾಚೆಯ ಕಾರಿಗೆ ತಾನೇ ಎಕ್ಸ್‌ಟೆನ್ಶನ್ ಎಳೆದ. ಅರ್ಧ ಗಂಟೆಗೆ ಬೋರ್ಡಿನ ಟ್ರಿಪ್ ಸ್ವಿಚ್ಚು ತಾನೇ ಬಿತ್ತು. ಎತ್ತಿದ, ಮತ್ತೆ ಬಿತ್ತು. ನಾಲ್ಕು ಸಲ ಹೀಗಾಗಿ ಚಾರ್ಜ್ ಆಗದೆ, ತಮ್ಮನಿಗೆ ಬೆಳಗಿನ ಗಿರಾಕಿ ತಪ್ಪಿತು. ನಟ್ಟು ಹಿಡಿಯದಿದ್ದರೆ ಇನ್ನೊಂದು ಸುತ್ತು ಬಿಗಿಯುವುದು ಮೇಸ್ತ್ರಿಯ ಅಭ್ಯಾಸ. ಸ್ವಿಚ್ಚಿನಲ್ಲೇ ದಮ್ಮಿಲ್ಲ ಎಂದು ತೀರ್ಮಾನಿಸಿ, ಯಾರಿಗೂ ಹೇಳದೆ ಅದರ ಎರಡೂ ತುದಿಗೆ ತಾಮ್ರದ ತಂತಿ ಬಿಗಿದು, ಕರೆಂಟು ಸ್ವಿಚ್ಚನ್ನು ತಪ್ಪಿಸಿ ನೇರ ಹರಿಯುವಂತೆ ಮಾಡಿಬಿಟ್ಟ. ಆಮೇಲೆ ಕರೆಂಟು ಹೋಗಲಿಲ್ಲ. ಹೇಳಿದಂತೆ ಕರೆಂಟಕ್ಕ ಬಂದಾಗ, ಎಲ್ಲ ಆಗಿದೆ ಎಂದು ಬಾಗಿಲಿನಿಂದಲೇ ವಾಪಸು ಕಳಿಸಿದ.

ಮೂರನೇ ವಾರದ ಒಂದು ಮಧ್ಯಾಹ್ನ ತಮ್ಮ ಊಟಕ್ಕೆ ಬಂದು, ಕಾರನ್ನು ಚಾರ್ಜಿಗೆ ಹಾಕಿ ಒಳಗೆ ಅಡ್ಡಾಗಿದ್ದ. ಹೆಂಡತಿ ಹೊಲಿಯುತ್ತಿದ್ದಳು. ಸುಟ್ಟ ವಾಸನೆ ಬಂತು, ಪ್ಲಗ್ಗಿನಿಂದ ಹೊಗೆ ಎದ್ದಿತು. ಪಕ್ಕದಲ್ಲಿ ಜೋಡಿಸಿಟ್ಟ ಬಟ್ಟೆಗೆ ಬೆಂಕಿ ತಗಲೀತೆಂಬ ಗಾಬರಿಯಲ್ಲಿ ಅವಳು ಪ್ಲಗ್ಗನ್ನು ಬಲಗೈಯಲ್ಲಿ ಹಿಡಿದು ಎಳೆದಳು. ಕರಗಿದ ಪ್ಲಾಸ್ಟಿಕ್ಕು ಅಂಗೈಗೆ ಅಂಟಿಕೊಂಡಿತು. ಜೀವ ಉಳಿಯಿತು, ಮನೆಯೂ ಉಳಿಯಿತು. ಆದರೆ ಆ ಕೈಯ ಬೆರಳುಗಳು ಇನ್ನು ಮೊದಲಿನಂತೆ ಮಡಚುವುದಿಲ್ಲ ಎಂದರು ಡಾಕ್ಟರು.

ಕರೆಂಟಿನ ಕಾರಿಗೆ ಬೆಂಕಿ ಬಿತ್ತಂತೆ ಎಂದು ಬೀದಿಯೆಲ್ಲ ಗುಲ್ಲು. ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ, ಅದನ್ನು ನೋಡುವವರು ಯಾರು? ಇಂಥದೇ ಕಾರು ಕೊಳ್ಳಲು ಹೊರಟಿದ್ದ ಇಬ್ಬರು ಹಿಂದೆ ಸರಿದರು. ತಮ್ಮ ಕಾರು ಮಾರಲು ನಿಂತ. ಜನ ಗ್ಯಾರೇಜಿಗೆ ಬಂದು, ನೀನು ಮೊದಲೇ ಹೇಳಿದ್ದೆಯಲ್ಲ ಮೇಸ್ತ್ರಿ, ಎಂದು ಹೊಗಳಿದರು. ಹೇಳಲು ನಾಚಿಕೆಯಾಗುತ್ತದೆ, ಆ ಹೊಗಳಿಕೆ ಅವನಿಗೆ ಹಿತವಾಗಿಯೇ ಇತ್ತು. ದಿನವೂ ಆಸ್ಪತ್ರೆಗೆ ಹೋಗಿ ಕೂತು ಬರುತ್ತಿದ್ದ, ತಂತಿಯ ಮಾತು ಮಾತ್ರ ಎತ್ತಲಿಲ್ಲ.

ಸುಟ್ಟ ವೈರು ಬದಲಿಸಲು ಬಂದ ಕರೆಂಟಕ್ಕ ಬೋರ್ಡು ಬಿಚ್ಚಿದಳು. ಆ ತಂತಿಯನ್ನು ಹಿಡಿದು ನೇರವಾಗಿ ಗ್ಯಾರೇಜಿಗೆ ಬಂದಳು.

"ಮೇಸ್ತ್ರಿ, ಆ ಸ್ವಿಚ್ಚು ಕೆಟ್ಟಿರಲಿಲ್ಲ. ವೈರು ಬಿಸಿಯಾಗ್ತಿದೆ, ನಿಲ್ಲಿಸು ಅಂತ ನಾಲ್ಕು ಸಲ ಹೇಳ್ತು. ನೀವು ಅದರ ಬಾಯಿ ಕಟ್ಟಿದ್ರಿ. ಇದನ್ನ ನಿಮ್ಮ ತಮ್ಮನ ಮನೆಯೋರಿಗೆ ನಾನು ಹೇಳಲ್ಲ, ನೀವೇ ಹೇಳ್ಬೇಕು."

ಮೇಸ್ತ್ರಿ ಅವತ್ತೇ ತಮ್ಮನ ಮನೆಗೆ ಹೋಗಿ ಹೇಳಿದ. ಆಸ್ಪತ್ರೆಯಿಂದ ಮನೆಗೆ ಬಂದಿದ್ದ ತಮ್ಮನ ಹೆಂಡತಿ ಬ್ಯಾಂಡೇಜು ಸುತ್ತಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದಳು. ತಮ್ಮ ಅಣ್ಣನ ಕಡೆ ತಿರುಗಿದ.

"ದಿನಾ ಬಂದು ಇವಳ ಮುಂದೆ ಕೂರ್ತಿದ್ದೆಯಲ್ಲ. ಒಂದು ದಿನಾನೂ ಹೇಳ್ಬೇಕು ಅನ್ನಿಸಲಿಲ್ವಾ ಅಣ್ಣ?"

ಮೇಸ್ತ್ರಿಯ ಉತ್ತರಕ್ಕೆ ಕಾಯದೆ ಅವಳೇ ಮಾತಾಡಿದಳು.

"ಭಾವ, ನನಗೆ ಹೇಳಿ ಏನು ಬಂತು? ಬೀದಿಯೋರಿಗೆ ಹೇಳಿ. ನಾಳೆ ಇನ್ಯಾರೋ ಹೀಗೇ ತಂತಿ ಬಿಗೀತಾರೆ. ಇವ್ರೂ ಕಾರು ಮಾರೋದು ಬೇಡ. ನನ್ನ ದುಡಿಮೆ ಹೋಯ್ತು, ಇವ್ರದ್ದಾದ್ರೂ ಇರಲಿ."

ಕರೆಂಟಕ್ಕ ಬೇರೆ ಲೈನ್ ಎಳೆದುಕೊಟ್ಟಳು. ಕಾರು ಈಗ ದಿನಕ್ಕೆ ನೂರು ಕಿಲೋಮೀಟರ್ ತಕರಾರಿಲ್ಲದೆ ಓಡುತ್ತಿದೆ. ಮೇಸ್ತ್ರಿ ಗ್ಯಾರೇಜಿಗೆ ಬಂದವರಿಗೆಲ್ಲ ತನ್ನ ತಪ್ಪನ್ನು ತಾನೇ ಹೇಳುತ್ತಾನೆ. ಕೆಲವರು ಕೇಳುತ್ತಾರೆ, ಕೆಲವರು ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ತಮ್ಮ ಗ್ಯಾರೇಜಿನ ಮುಂದೆಯೇ ಹೋಗುತ್ತಾನೆ, ಅಣ್ಣನಿಗಾಗಿ ಕಾರು ನಿಲ್ಲಿಸುವುದಿಲ್ಲ.

ಓದಿದವರೇ, ಪೆಟ್ರೋಲೋ ಗ್ಯಾಸೋ ಕರೆಂಟೋ ಎಂದು ಎಷ್ಟು ಬೇಕಾದರೂ ವಾದ ಮಾಡಿ. ನಿಮ್ಮ ಓಡಾಟ ಎಷ್ಟು, ಗಾಡಿ ನಿಲ್ಲುವುದು ಎಲ್ಲಿ ಎಂದು ನೋಡಿ ಆರಿಸಿಕೊಳ್ಳಿ. ಆರಿಸಿದ ಮೇಲೆ ಅದಕ್ಕೆ ಬೇಕಾದ ವ್ಯವಸ್ಥೆಯನ್ನು ಬಲ್ಲವರಿಂದ ಮೊದಲು ಮಾಡಿಸಿ, ಗಾಡಿ ಆಮೇಲೆ ತನ್ನಿ. ಸ್ವಿಚ್ಚು ಪದೇ ಪದೇ ಬಿದ್ದರೆ ಅದನ್ನು ಬೈಯಬೇಡಿ, ಯಾಕೆ ಬೀಳುತ್ತಿದೆ ಎಂದು ತಿಳಿದುಕೊಳ್ಳಿ. ನಿಮ್ಮ ಬೋರ್ಡಿನಲ್ಲೂ ಯಾರೋ ಹೀಗೆ ತಂತಿ ಬಿಗಿದಿರುವ ಅನುಮಾನವಿದ್ದರೆ ಇವತ್ತೇ ವೈರಿಂಗ್ ಬಲ್ಲವರನ್ನು ಕರೆಸಿ ತೆಗೆಸಿ. ನೀವು ಕೈ ಹಾಕಬೇಡಿ. ಬಿಗಿದವರು ನೀವೇ ಆಗಿದ್ದರೆ, ಮನೆಯವರಿಗೆ ಈಗಲೇ ಹೇಳಿ.